ಗುರುತು ಬೇರೆ, ಹೆಸರು ಬೇರೆ: ಕಾಲವಲಯಗಳ ನಾಮಕರಣವನ್ನು ಗಡಿನಾಡಿನಿಂದ ಓದುವುದು

ಈರೋಡ್ ಜಿಲ್ಲೆಯ ತಾಳವಾಡಿ ಬೆಟ್ಟಸೀಮೆಯ ಗೆಟ್ಟವಾಡಿಯಲ್ಲಿ ಒಂದು ಗಣಕವನ್ನೋ ಮೊಬೈಲನ್ನೋ ಅದರ ಕಾಲವಲಯ ಯಾವುದೆಂದು ಪ್ರೋಗ್ರಾಮಿನ ಮೂಲಕ ವಿಚಾರಿಸಿದರೆ ಸಾಮಾನ್ಯವಾಗಿ ದೊರೆಯುವ ಉತ್ತರ ‘ಏಷ್ಯಾ/ಕೋಲ್ಕತಾ’. ಊರಿನ ಆಡಳಿತ ಚೆನ್ನೈಯದು, ಕಚೇರಿಯ ಕಾಗದ ತಮಿಳಿನದು, ಮನೆಮಾತು ಕನ್ನಡ, ಘಟ್ಟ ಇಳಿಯದೆ ತಲುಪಬಹುದಾದ ದೊಡ್ಡ ಪಟ್ಟಣ ಚಾಮರಾಜನಗರ. ಈ ಯಾವ ಎಳೆಗೂ ಸೇರದ ಕೋಲ್ಕತಾ ಅಲ್ಲಿಯ ಗಡಿಯಾರದ ಹೆಸರಾಗಿ ಕುಳಿತಿದೆ. ಹೊರಗಿನವರು ಬರೆದ ಹೆಸರುಗಳ ನಡುವೆಯೇ ಬಾಳುವ ಗಡಿನಾಡಿನ ಓದುಗರಿಗೆ ಇದೂ ಅಂಥದೇ ಇನ್ನೊಂದಾಗಿ ಕಾಣುವುದು ಸಹಜ. ಆದರೆ ಆ ಮೊದಲ ಓದು ಪೂರ್ತಿ ಸರಿಯಲ್ಲ. ಲೋಪ ಇರುವುದು ನಿಜ; ಅದು ಇರುವ ಜಾಗ ಬೇರೆ. ಕೋಲ್ಕತಾ ಎಂಬುದನ್ನು ಗುರುತಾಗಿ ಬಳಸಿದ್ದರಲ್ಲಿ ಅನ್ಯಾಯವಿಲ್ಲ. ಆ ಗುರುತನ್ನೇ ಹೆಸರೆಂದು ಓದುಗರ ಮುಂದೆ ಇಡುವುದರಲ್ಲಿ ಅನ್ಯಾಯವಿದೆ.

ಈ ವ್ಯತ್ಯಾಸ ಯಾವುದೋ ಒಂದು ತಂತ್ರಾಂಶದ ಸಮಸ್ಯೆಯಾಗಿದ್ದರೆ ಚರ್ಚೆಗೆ ಯೋಗ್ಯವಾಗುತ್ತಿರಲಿಲ್ಲ. ಪ್ರೋಗ್ರಾಮಿಂಗ್ ಭಾಷೆಯೊಂದಿಗೆ ಅದರ ಸ್ಟ್ಯಾಂಡರ್ಡ್ ಲೈಬ್ರರಿಯೂ ಬರುತ್ತದೆ: ದಿನಾಂಕ, ಗಣಿತ, ಪಠ್ಯ, ಕಡತ ಮೊದಲಾದ ನಿತ್ಯದ ಕೆಲಸಗಳಿಗೆ ಬೇಕಾದ ಸಿದ್ಧ ಸಾಮಗ್ರಿ. ಆ ಭಾಷೆಯಲ್ಲಿ ಬರೆಯುವ ಎಲ್ಲರೂ ಅದನ್ನು ಬಳುವಳಿಯಾಗಿ ಪಡೆಯುತ್ತಾರೆ. ಅದರಲ್ಲಿ ಒಮ್ಮೆ ಕೈಗೊಂಡ ತೀರ್ಮಾನವನ್ನು ಆಮೇಲೆ ಹೆಚ್ಚಿನವರು ಪ್ರಶ್ನಿಸುವುದಿಲ್ಲ. ಅದು ತೀರ್ಮಾನವೆಂಬುದೇ ಅವರಿಗೆ ಕಾಣುವುದಿಲ್ಲ. ವ್ಯಾಕರಣ ಗ್ರಂಥವೊಂದು ಆಡುಮಾತಿನ ಮೇಲೆ ನಡೆಸುವ ಮೌನದ ಅಧಿಕಾರಕ್ಕೆ ಇದು ಹತ್ತಿರವಾದದ್ದು. ಆದ್ದರಿಂದ ಸ್ಟ್ಯಾಂಡರ್ಡ್ ಲೈಬ್ರರಿಯನ್ನು ಒಂದು ಪಠ್ಯವಾಗಿ ಓದಿ, ಅದು ಯಾವುದನ್ನು ಹೆಸರೆಂದು ಕರೆಯುತ್ತದೆ, ಯಾವುದನ್ನು ಹೊರಗಿಡುತ್ತದೆ ಎಂದು ವಿವೇಚಿಸುವುದು ವಿಮರ್ಶೆಯ ಕೆಲಸವೇ ಆಗಿದೆ.

ಮೊದಲು ‘ಏಷ್ಯಾ/ಕೋಲ್ಕತಾ’ದ ಹುಟ್ಟನ್ನು ನೋಡಬೇಕು. 1980ರ ದಶಕದಲ್ಲಿ ಆರ್ಥರ್ ಡೇವಿಡ್ ಓಲ್ಸನ್ ಆರಂಭಿಸಿ, ಮುಂದೆ ಪಾಲ್ ಎಗರ್ಟ್ ಸಂಪಾದಿಸಿದ ಕಾಲವಲಯ ದತ್ತಾಂಶಕೋಶ ಇಂದು ಲೋಕದ ಬಹುಪಾಲು ಗಣಕಗಳ ಕಾಲಜ್ಞಾನಕ್ಕೆ ಆಧಾರ. 2011ರಲ್ಲಿ ಅದು ಐಎಎನ್‌ಎ ಸಂಸ್ಥೆಯ ಆಶ್ರಯಕ್ಕೆ ಬಂದಿತು. 2012ರ ಆರ್‌ಎಫ್‌ಸಿ 6557 ಅದರ ನಿರ್ವಹಣೆಯ ಕ್ರಮವನ್ನು ಗೊತ್ತುಪಡಿಸಿತು. ಅಲ್ಲಿಯ ಪ್ರತಿ ಗುರುತೂ ಮೂಲತಃ ಒಂದು ಕಡತದ ವಿಳಾಸ: ‘ಏಷ್ಯಾ’ ಎಂಬ ಕೋಶದೊಳಗೆ ‘ಕೋಲ್ಕತಾ’ ಎಂಬ ಕಡತ. ಆದುದರಿಂದಲೇ ಹೆಸರಿನ ಒಂದು ಭಾಗ 14 ಅಕ್ಷರಗಳನ್ನು ಮೀರಬಾರದು, ಲಿಪಿ ಇಂಗ್ಲಿಷಿನದೇ ಆಗಿರಬೇಕು ಎಂಬ ನಿಯಮಗಳು ಬಂದವು. ದೇಶಗಳ ಹೆಸರೂ ಗಡಿಯೂ ಬದಲಾಗುತ್ತವೆ, ಊರುಗಳು ಹೆಚ್ಚು ಕಾಲ ನಿಲ್ಲುತ್ತವೆ ಎಂಬ ವಿವೇಕದಿಂದ ದೇಶದ ಬದಲು ಊರಿನ ಹೆಸರನ್ನು ಆರಿಸಲಾಯಿತು. ಸಾಮಾನ್ಯವಾಗಿ ಆ ವಲಯದಲ್ಲಿ ಹೆಚ್ಚು ಜನರಿರುವ ಊರು ಆ ಸ್ಥಾನ ಪಡೆಯಿತು. ಈ ಗುರುತುಗಳನ್ನು ಬಳಕೆದಾರರ ಮುಂದೆ ಹಾಗೆಯೇ ಇಡಬಾರದು, ಭೂಪಟದ ಮೂಲಕವೋ ವಿವರಣೆಯ ಮೂಲಕವೋ ಅವರಿಗೆ ತಿಳಿಯುವಂತೆ ತೋರಿಸಬೇಕು ಎಂಬ ಆಶಯವನ್ನು ಕೋಶದ ಸಂಪಾದಕರೇ ತಮ್ಮ ಮಾರ್ಗಸೂಚಿಯಲ್ಲಿ ಹೇಳಿದ್ದಾರೆ. ಮುಂದೆ ನಡೆದ ಗೊಂದಲಗಳಲ್ಲಿ ಬಹಳಷ್ಟು ಈ ಆಶಯವನ್ನು ಮರೆತುದರ ಫಲ.

ಹಾಗಾದರೆ ಆ ಕಡತದೊಳಗೆ ಏನಿದೆ? ಕೋಲ್ಕತಾ ನಗರವಿಲ್ಲ, ಒಂದು ಗಡಿಯಾರದ ಚರಿತ್ರೆಯಿದೆ. ಮೊದಲ ಸಾಲಿನಲ್ಲಿ ಗ್ರೀನಿಚ್‌ಗಿಂತ 5 ಗಂಟೆ 53 ನಿಮಿಷ 28 ಸೆಕೆಂಡು ಮುಂದಿರುವ ಸ್ಥಳೀಯ ಕಾಲ, 1854ರವರೆಗೆ. ಅನಂತರ 8 ಸೆಕೆಂಡು ಕಡಿಮೆಯಾದ ಇನ್ನೊಂದು ಕಾಲ. 1870ರಿಂದ 5 ಗಂಟೆ 21 ನಿಮಿಷ 10 ಸೆಕೆಂಡಿನ ಮದ್ರಾಸ್ ಕಾಲ. 1906ರ ಜನವರಿ 1ರಿಂದ ಇಂದಿನ ಐದೂವರೆ ಗಂಟೆ. ಎರಡನೆಯ ಮಹಾಯುದ್ಧದ ವರ್ಷಗಳಲ್ಲಿ ಎರಡು ಅವಧಿಗೆ ಒಂದು ಗಂಟೆಯ ಹೆಚ್ಚಳ, 1945ರ ಅಕ್ಟೋಬರಿನಿಂದ ಮತ್ತೆ ಐದೂವರೆ. ಅಂದರೆ ಕೋಲ್ಕತಾ ಎಂಬ ಹೆಸರಿನ ಒಳಗೆ 36 ವರ್ಷ ಮದ್ರಾಸ್ ಕುಳಿತಿದೆ. 1792ರಲ್ಲಿ ಈಸ್ಟ್ ಇಂಡಿಯಾ ಕಂಪನಿ ಸ್ಥಾಪಿಸಿದ ಮದ್ರಾಸ್ ವೀಕ್ಷಣಾಲಯದ ಕಾಲವನ್ನು ರೈಲ್ವೆಯು ದೇಶದುದ್ದಕ್ಕೂ ಬಳಸಿದ ಚರಿತ್ರೆಯ ಗುರುತು ಅದು. ಕೋಲ್ಕತಾ ನಗರವಾದರೋ ತನ್ನ ಸ್ಥಳೀಯ ಕಾಲವನ್ನು 1948ರವರೆಗೂ, ಮುಂಬಯಿ ತನ್ನದನ್ನು 1955ರವರೆಗೂ ಬಿಟ್ಟುಕೊಟ್ಟಿರಲಿಲ್ಲ. ಈ ಹಟಗಳು ಕಡತದಲ್ಲಿ ಕಾಣುವುದಿಲ್ಲ. ಏಕೆಂದರೆ 1970ರ ಈಚೆಗೆ ಒಂದೇ ಗಡಿಯಾರ ಪಾಲಿಸಿದ ಪ್ರದೇಶಗಳನ್ನು ಒಂದೇ ಗುರುತಿನಡಿ ತರುವುದು ಕೋಶದ ನಿಯಮ, ಅದಕ್ಕೆ ಹಿಂದಿನದು ಅಲ್ಲಿ ಗೌಣ.

ಇದರ ಪರಿಣಾಮ ವಿಚಿತ್ರವಾಗಿದೆ. ತಾಳವಾಡಿ ಸೀಮೆ ಆಗ ಮದ್ರಾಸ್ ಪ್ರಾಂತ್ಯದ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ನೆರೆಯ ಕೊಳ್ಳೇಗಾಲವೂ ಅದೇ ಜಿಲ್ಲೆಯಲ್ಲಿದ್ದು, 1956ರ ನವೆಂಬರ್ 1ರಂದು ಮೈಸೂರು ರಾಜ್ಯಕ್ಕೆ ಬಂದಿತು. ತಾಳವಾಡಿ ಮದ್ರಾಸಿನಲ್ಲೇ ಉಳಿಯಿತು. 1900ನೆಯ ಇಸವಿಯ ಒಂದು ತಂತಿ ವರ್ತಮಾನದ ಕಾಲವನ್ನು ಈ ಗುರುತಿನ ಮೂಲಕ ಲೆಕ್ಕಹಾಕಿದರೆ ಬರುವುದು ಮದ್ರಾಸ್ ಕಾಲ. ಮದ್ರಾಸ್ ಪ್ರಾಂತ್ಯದ ಹಳ್ಳಿಗೆ ಅದು ಒಪ್ಪುತ್ತದೆ, ಹೆಸರು ಕೊಟ್ಟ ಕೋಲ್ಕತಾ ನಗರಕ್ಕೇ ಒಪ್ಪುವುದಿಲ್ಲ. ಇನ್ನು ಸೂರ್ಯನ ಲೆಕ್ಕದಲ್ಲಿ, ಪೂರ್ವ ರೇಖಾಂಶ ಸುಮಾರು 77 ಡಿಗ್ರಿಯ ಆಸುಪಾಸಿನಲ್ಲಿರುವ ತಾಳವಾಡಿ ಸೀಮೆ 82.5 ಡಿಗ್ರಿಯ ಭಾರತೀಯ ಕಾಲಕ್ಕಿಂತ ಸುಮಾರು 22 ನಿಮಿಷ ಹಿಂದಿದೆ. ಚಾಮರಾಜನಗರವೂ ಹೆಚ್ಚುಕಡಿಮೆ ಅಷ್ಟೇ ಹಿಂದಿದೆ. ಹೀಗೆ ‘ಕೋಲ್ಕತಾ’ ಎಂಬುದು ಯಾವ ನೆಲದ ಮೇಲಿನ ಒಡೆತನವನ್ನೂ ಹೇಳುವುದಿಲ್ಲ. ಒಂದೇ ರೀತಿ ನಡೆದ ಗಡಿಯಾರಗಳ ಸಮುದಾಯಕ್ಕೆ ಅದು ಒಂದು ಮಾದರಿ ಊರು, ಅಷ್ಟೆ. ಅದನ್ನು ಒಡೆತನದ ಹೆಸರಾಗಿ ಓದಿ ಸಿಟ್ಟಾಗುವುದು ಪಠ್ಯದ ಪ್ರಕಾರವನ್ನೇ ತಪ್ಪಾಗಿ ತಿಳಿದಂತೆ.

ಸಿಟ್ಟಿಗೆ ಕಾರಣವಿರುವ ಜಾಗ ಸ್ಟ್ಯಾಂಡರ್ಡ್ ಲೈಬ್ರರಿಯಲ್ಲಿದೆ. ಪೈಥಾನ್ ಭಾಷೆಯನ್ನು ಉದಾಹರಣೆಯಾಗಿ ತೆಗೆದುಕೊಳ್ಳಬಹುದು. 2003ರಲ್ಲಿ ಅದರ ಲೈಬ್ರರಿಗೆ ದಿನಾಂಕ ಮತ್ತು ಕಾಲದ ಘಟಕ ಸೇರಿತು. ಕಾಲವಲಯ ಹೇಗಿರಬೇಕೆಂಬ ಅಮೂರ್ತ ಚೌಕಟ್ಟು ಅದರಲ್ಲಿತ್ತು. ಲೋಕದ ಯಾವ ಊರಿನ ವಲಯವೂ ಇರಲಿಲ್ಲ. ಊರುಗಳು ಬಂದುದು 2020ರ ಅಕ್ಟೋಬರಿನ 3.9ನೆಯ ಆವೃತ್ತಿಯಲ್ಲಿ, ಪಾಲ್ ಗ್ಯಾನ್ಸಲ್ ಬರೆದ ‘ಪೆಪ್ 615’ ಎಂಬ ಪ್ರಸ್ತಾವದ ಫಲವಾದ ‘ಝೋನ್‌ಇನ್ಫೊ’ ಘಟಕದ ಮೂಲಕ. ಹದಿನೇಳು ವರ್ಷ ಕಾದ ಈ ಘಟಕ ಹಲವು ರೀತಿಯಲ್ಲಿ ವಿವೇಕದ ರಚನೆ. ನಿಯಮಗಳು ಸರಕಾರಗಳ ಆಜ್ಞೆಯಂತೆ ವರ್ಷದಲ್ಲಿ ಹಲವು ಬಾರಿ ಬದಲಾಗುವುದರಿಂದ ಅವನ್ನು ಲೈಬ್ರರಿಯೊಳಗೆ ಹೂಳದೆ, ಯಂತ್ರದಲ್ಲಿರುವ ಕೋಶದಿಂದಲೋ ಪ್ರತ್ಯೇಕವಾಗಿ ಹಂಚುವ ಪೊಟ್ಟಣದಿಂದಲೋ ಓದುತ್ತದೆ. ಕಾಲವನ್ನು ಕಾಪಿಡುವಾಗ ನಿಯಮವನ್ನಲ್ಲ, ಗುರುತನ್ನು ಕಾಪಿಡುತ್ತದೆ. ನಾಳೆ ನಿಯಮ ಬದಲಾದರೂ ದಾಖಲೆ ಹೊಸ ನಿಯಮವನ್ನು ಅನುಸರಿಸಬಲ್ಲದು.

ಆದರೆ ಅದರಿಂದ ಕಾಲವಲಯದ ಹೆಸರನ್ನು ಕೇಳಿದರೆ ಸಿಗುವುದು ಎರಡೇ ಸಂಗತಿ. ಒಂದು, ‘ಏಷ್ಯಾ/ಕೋಲ್ಕತಾ’ ಎಂಬ ಗುರುತು. ಇನ್ನೊಂದು, ‘ಐಎಸ್‌ಟಿ’ ಎಂಬ ಮೂರಕ್ಷರದ ಸಂಕ್ಷೇಪ. ಮನುಷ್ಯರು ಓದುವ ಹೆಸರು ಅದರ ಬಳಿ ಇಲ್ಲ. ಮೂರಕ್ಷರದ ಸಂಕ್ಷೇಪ ಹೆಸರಿನಂತೆ ಕಂಡರೂ ಹೆಸರಿನ ಕೆಲಸ ಮಾಡಲಾರದು: ಐಎಸ್‌ಟಿ ಭಾರತದ್ದೂ ಹೌದು, ಇಸ್ರೇಲಿನದೂ ಹೌದು, ಐರ್ಲೆಂಡಿನ ಬೇಸಗೆಯದೂ ಹೌದು. ಮದ್ರಾಸ್ ಕಾಲಕ್ಕೆ ಕೋಶ ಕೊಟ್ಟಿರುವ ‘ಎಂಎಂಟಿ’ ಎಂಬುದು ಮಾಸ್ಕೊ, ಮಿನ್ಸ್ಕ್, ಮಾಂಟೆವಿಡಿಯೊಗಳ ಹಳೆಯ ಕಾಲಗಳಿಗೂ ಸಂಕ್ಷೇಪ. ಒಂದು ಸಂಕ್ಷೇಪದಿಂದ ಊರನ್ನು ಹಿಂದಿರುಗಿ ಕಂಡುಹಿಡಿಯುವುದು ಸಾಧ್ಯವಿಲ್ಲ.

ಸಾಧ್ಯವಿಲ್ಲದುದನ್ನು ಬೇರೆಬೇರೆ ಭಾಷೆಗಳು ಬೇರೆಬೇರೆಯಾಗಿ ನಿಭಾಯಿಸುತ್ತವೆ. ಅಲ್ಲಿ ಅವುಗಳ ಸ್ವಭಾವ ಕಾಣುತ್ತದೆ. ಗೋ ಭಾಷೆಯ ಲೈಬ್ರರಿ ತನಗೆ ತಿಳಿಯದ ಸಂಕ್ಷೇಪ ಎದುರಾದರೆ ಅದೇ ಹೆಸರಿನ ಒಂದು ಸ್ಥಳವನ್ನು ಕಲ್ಪಿಸಿ, ಗ್ರೀನಿಚ್‌ನಿಂದ ಅದರ ಅಂತರ ಸೊನ್ನೆ ಎಂದು ಬರೆದುಕೊಳ್ಳುತ್ತದೆ. ಜಾವಾ ಭಾಷೆಯ ಹಳೆಯ ಕಾಲವಲಯ ಘಟಕ ತಿಳಿಯದ ಗುರುತಿಗೆ ಸದ್ದಿಲ್ಲದೆ ಗ್ರೀನಿಚ್ ಕಾಲವನ್ನು ಕೊಡುತ್ತದೆ. ಪೈಥಾನಿನ ಝೋನ್‌ಇನ್ಫೊ ಹಾಗೆ ಮಾಡದೆ, ಅಂಥ ವಲಯ ಸಿಗಲಿಲ್ಲವೆಂದು ಹೇಳಿ ನಿಲ್ಲುತ್ತದೆ. ಮೊದಲ ಎರಡರಲ್ಲಿ ಕೆಲಸ ಮುಂದೆ ಸಾಗುತ್ತದೆ, ದಾಖಲೆ ಕೆಡುತ್ತದೆ; ಮೂರನೆಯದರಲ್ಲಿ ಕೆಲಸ ನಿಲ್ಲುತ್ತದೆ, ದಾಖಲೆ ಉಳಿಯುತ್ತದೆ. ತಿಳಿಯದ ಹೆಸರನ್ನು ಕೇಂದ್ರದ ಹೆಸರಿಗೆ ಸೇರಿಸಿಬಿಡುವ ಅಭ್ಯಾಸ ಭಾಷಾ ಅಲ್ಪಸಂಖ್ಯಾತರಿಗೆ ಹೊಸದಲ್ಲ. ಜನಗಣತಿಯಲ್ಲಿ ಹತ್ತು ಸಾವಿರಕ್ಕಿಂತ ಕಡಿಮೆ ಜನ ಹೇಳಿದ ತಾಯ್ನುಡಿ ಪ್ರಕಟಿತ ಪಟ್ಟಿಯಲ್ಲಿ ‘ಇತರೆ’ಯೊಳಗೆ ಸೇರುತ್ತದೆ. ಅಲ್ಲಿಯೂ ಲೆಕ್ಕ ಮುಗಿಯುತ್ತದೆ, ಹೆಸರು ಮಾತ್ರ ಕಾಣೆಯಾಗುತ್ತದೆ. ಗೊತ್ತಿಲ್ಲವೆಂದು ಹೇಳುವ ಪದ್ಧತಿಯನ್ನು ಲೈಬ್ರರಿಯೊಂದರ ಗುಣವೆಂದು ಎಣಿಸಲು ಇಷ್ಟು ಕಾರಣ ಸಾಕು.

ಮನುಷ್ಯರು ಓದುವ ಹೆಸರುಗಳು ಎಲ್ಲಿಯೂ ಇಲ್ಲವೆಂದಲ್ಲ. ಯೂನಿಕೋಡ್ ಸಂಸ್ಥೆಯ ‘ಸಿಎಲ್‌ಡಿಆರ್’ ಎಂಬ ಭಾಷಾವಾರು ಕೋಶದಲ್ಲಿ ಭಾರತದ ಕಾಲವಲಯಕ್ಕೆ ಕನ್ನಡದಲ್ಲಿ ‘ಭಾರತೀಯ ಪ್ರಮಾಣಿತ ಸಮಯ’ ಎಂಬ ಹೆಸರಿದೆ. ಇತರ ಭಾಷೆಗಳಿಗೆ ಅವುಗಳದೇ ಹೆಸರುಗಳಿವೆ. ಜಾವಾ ಭಾಷೆ 2017ರ ಒಂಬತ್ತನೆಯ ಆವೃತ್ತಿಯಿಂದ ಈ ಕೋಶವನ್ನೇ ಮೊದಲ ಆಕರವಾಗಿ ಬಳಸುವುದರಿಂದ, ಅದರ ಲೈಬ್ರರಿ ಕಾಲವಲಯದ ಹೆಸರನ್ನು ಓದುಗರ ಭಾಷೆಯಲ್ಲಿ ಹೇಳಬಲ್ಲದು. ಪೈಥಾನ್ ಈ ಕೆಲಸವನ್ನು ಹೊರಗಿನ ಪೊಟ್ಟಣಗಳಿಗೆ ಬಿಟ್ಟಿದೆ. ಭಾಷಾದತ್ತಾಂಶ ಗಾತ್ರದಲ್ಲಿ ದೊಡ್ಡದು, ಆಗಾಗ ಬದಲಾಗುವಂಥದು. ಹೊರಗಿಡುವುದಕ್ಕೆ ಸಮರ್ಥನೆ ಇದೆ. ಆದರೆ ಕೈಗೆಟಕುವಲ್ಲಿ ಹೆಸರಿಲ್ಲದಿದ್ದಾಗ ಪ್ರೋಗ್ರಾಮು ಬರೆಯುವವರು ಕೈಗೆಟಕಿದ ಗುರುತನ್ನೇ ಪರದೆಯ ಮೇಲೆ ಮುದ್ರಿಸುತ್ತಾರೆ. ಕಡತದ ವಿಳಾಸ ಹೀಗೆ ಊರಿನ ಹೆಸರಾಗುತ್ತದೆ. ಸಂಪಾದಕರು ಬೇಡವೆಂದದ್ದು ಲೈಬ್ರರಿಯ ಮೌನದಿಂದ ರೂಢಿಯಾಗುತ್ತದೆ.

ಗುರುತಿಗೆ ಅರ್ಥವೇ ಇಲ್ಲ, ಅದು ಕೇವಲ ವಿಳಾಸ ಎಂಬ ವಾದವನ್ನೂ ಪೂರ್ತಿ ಒಪ್ಪಲಾಗದು. ಅದು ನಿಜವಾಗಿದ್ದರೆ ‘ಏಷ್ಯಾ/ಕ್ಯಾಲ್ಕಟಾ’ ಎಂಬುದನ್ನು ಬದಲಾಯಿಸಬೇಕಾಗಿಯೇ ಇರಲಿಲ್ಲ. ನಗರದ ಹೆಸರು ಅಧಿಕೃತವಾಗಿ ಬದಲಾದದ್ದು 2001ರಲ್ಲಿ. ಕೋಶ ಅದನ್ನು ಅನುಸರಿಸಿದ್ದು 2008ರಲ್ಲಿ. ಉಕ್ರೇನಿನ ರಾಜಧಾನಿಯ ಕಾಗುಣಿತ ‘ಕೀವ್’ನ ರಷ್ಯನ್ ರೂಪದಿಂದ ಉಕ್ರೇನಿಯನ್ ರೂಪಕ್ಕೆ ತಿರುಗಲು 2022ರವರೆಗೆ ಕಾಯಬೇಕಾಯಿತು. ಈ ವಿಳಂಬಕ್ಕೆ ಕೋಶ ಕೊಡುವ ಕಾರಣ, ಇಂಗ್ಲಿಷ್ ಬರಹದಲ್ಲಿ ಯಾವ ರೂಪ ಪ್ರಚಲಿತವೋ ಅದೇ ಗುರುತಾಗಬೇಕೆಂಬ ನಿಯಮ. ಊರಿನವರು ಏನೆನ್ನುತ್ತಾರೆ ಎಂಬುದಕ್ಕಿಂತ ದೂರದ ಒಂದು ಭಾಷೆಯ ರೂಢಿ ಇಲ್ಲಿ ತೀರ್ಪುಗಾರ. ಅರ್ಥವಿಲ್ಲದ ಗುರುತಿಗೆ ಪ್ರಚಲಿತ ರೂಪ ಬೇಕಿಲ್ಲ. ಪ್ರಚಲಿತ ರೂಪ ಬೇಕಾದದ್ದು ಅರ್ಥವಿಲ್ಲದ್ದಲ್ಲ. ಅರೆಗುರುತು, ಅರೆಹೆಸರು ಎಂಬ ಈ ಇಬ್ಬಂದಿತನವೇ ಕೋಶದ ದೊಡ್ಡ ದೌರ್ಬಲ್ಯ. ಸಿಎಲ್‌ಡಿಆರ್ ಇದರಿಂದ ಪಾರಾಗಲು ಭಾರತಕ್ಕೆ ‘ಐಎನ್‌ಸಿಸಿಯು’ ಎಂಬ ಐದಕ್ಷರದ ಸಂಕೇತವನ್ನು ಇಟ್ಟುಕೊಂಡಿದೆ. ಅದರ ಕೊನೆಯ ಮೂರಕ್ಷರದಲ್ಲಿಯೂ ಹಳೆಯ ಕ್ಯಾಲ್ಕಟಾದ ನೆರಳಿದೆ.

ಈ ದೌರ್ಬಲ್ಯಕ್ಕೆ ಕೋಶವೇ ಕಂಡುಕೊಂಡ ಒಂದು ಪರಿಹಾರ ಮಾತ್ರ ಗಮನಾರ್ಹ. ಹೊಸ ಗುರುತು ಬಂದಾಗ ಹಳೆಯದನ್ನು ಅಳಿಸುವುದಿಲ್ಲ. ಎರಡನ್ನೂ ಒಂದು ಕೊಂಡಿಯಿಂದ ಬೆಸೆಯಲಾಗುತ್ತದೆ. ಕ್ಯಾಲ್ಕಟಾ ಎಂದು ಬರೆದ ಹಳೆಯ ದಾಖಲೆ ಇಂದಿಗೂ ಓದಲು ಬರುತ್ತದೆ. ಕೊಂಡಿಯನ್ನು ಭಾಷೆಗಳು ನಡೆಸಿಕೊಳ್ಳುವ ರೀತಿಯಲ್ಲಿ ಮತ್ತೆ ಭೇದವಿದೆ. ಪೈಥಾನ್ ಬರೆದವರು ಕೊಟ್ಟ ರೂಪವನ್ನೇ ಉಳಿಸಿಕೊಳ್ಳುತ್ತದೆ. ಆದರೆ ಎರಡು ರೂಪಗಳ ವಲಯಗಳು ಒಂದೇ ಎಂದು ಗುರುತಿಸುವುದಿಲ್ಲ. ಜಾವಾಸ್ಕ್ರಿಪ್ಟಿನ ಹಳೆಯ ಪದ್ಧತಿ ಕೊಟ್ಟ ರೂಪವನ್ನು ತನ್ನ ‘ಮೂಲರೂಪ’ಕ್ಕೆ ತಿರುಗಿಸುತ್ತಿತ್ತು. ಸಿಎಲ್‌ಡಿಆರ್ ಸ್ಥಿರತೆಯ ಕಾರಣದಿಂದ ಕ್ಯಾಲ್ಕಟಾವನ್ನೇ ಮೂಲರೂಪವಾಗಿ ಉಳಿಸಿಕೊಂಡಿದ್ದರಿಂದ, ಕ್ರೋಮ್ ಬ್ರೌಸರಿನಲ್ಲಿ ಕೋಲ್ಕತಾ ಎಂದು ಕೊಟ್ಟವರಿಗೂ ಕ್ಯಾಲ್ಕಟಾ ಹಿಂದಿರುಗುತ್ತಿತ್ತು. ಅದೇ ಭಾಷೆಗಾಗಿ ರೂಪಿಸಿದ ‘ಟೆಂಪೊರಲ್’ ವ್ಯವಸ್ಥೆ ಎರಡು ಗುಣವನ್ನೂ ಕೂಡಿಸಿದೆ: ಕೊಟ್ಟ ರೂಪವನ್ನು ಬದಲಿಸದೆ ಉಳಿಸುತ್ತದೆ, ಹೋಲಿಸುವಾಗ ಎರಡೂ ಒಂದೇ ಎಂದು ಒಪ್ಪುತ್ತದೆ. ಹೇಳಿದ ಹೆಸರಿಗೆ ಮರ್ಯಾದೆ, ಹೇಳಿದ ವಸ್ತುವಿಗೆ ಏಕತೆ ಎಂಬ ಈ ಕ್ರಮ ಇಲ್ಲಿ ಪರಿಶೀಲಿಸಿದವುಗಳಲ್ಲಿ ಅತ್ಯುತ್ತಮವಾದದ್ದು.

ಈ ಕ್ರಮದ ಬೆಲೆ ಗೆಟ್ಟವಾಡಿಯ ಹೆಸರಿನಲ್ಲೇ ತಿಳಿಯುತ್ತದೆ. ತಮಿಳು ಲಿಪಿಯಲ್ಲಿ ಕಕಾರಕ್ಕೂ ಗಕಾರಕ್ಕೂ ಒಂದೇ ಅಕ್ಷರ. ಊರಿನ ಹೆಸರನ್ನು ಆ ಲಿಪಿಯಲ್ಲಿ ಬರೆದರೆ, ಬಲ್ಲವರು ‘ಗೆಟ್ಟವಾಡಿ’ ಎಂದೇ ಓದುತ್ತಾರೆ; ಅರಿಯದವರಿಗೆ, ಪದದ ಮೊದಲಲ್ಲಿ ಆ ಅಕ್ಷರವನ್ನು ಕಕಾರವಾಗಿ ಓದುವ ರೂಢಿಯಂತೆ, ಅದು ‘ಕೆಟ್ಟವಾಡಿ’ಯಾಗುತ್ತದೆ. ‘ಕೆಟ್ಟ’ ಎಂಬುದರ ಅರ್ಥ ಎರಡೂ ಭಾಷೆಗಳಲ್ಲಿ ಒಂದೇ. ಇಲ್ಲಿ ಯಾರ ದುರುದ್ದೇಶವೂ ಇಲ್ಲ, ತಮಿಳು ಲಿಪಿಯ ದೋಷವೂ ಅಲ್ಲ. ಆ ಲಿಪಿ ತನ್ನ ಭಾಷೆಯ ಧ್ವನಿವ್ಯವಸ್ಥೆಗೆ ಪೂರ್ತಿ ತಕ್ಕುದಾಗಿದೆ. ತೊಂದರೆ ಹುಟ್ಟುವುದು ಪಟ್ಟಾ, ರೇಷನ್ ಕಾರ್ಡು ಮೊದಲಾದ ಕಾಗದಗಳಲ್ಲಿ ಊರನ್ನು ಗುರುತಿಸುವ ಅಕ್ಷರಸಾಲನ್ನೇ ಊರಿನ ಹೆಸರೂ ಆಗಿರಬೇಕೆಂದು ಒತ್ತಾಯಿಸಿದಾಗ.

ಒಂದೇ ಅಕ್ಷರಸಾಲಿನ ಮೇಲೆ ಎರಡು ಹೊರೆ ಹೊರಿಸಿದರೆ ಏನಾಗುತ್ತದೆ ಎಂಬುದನ್ನು ತಮಿಳುನಾಡು 2020ರ ಜೂನಿನಲ್ಲಿ ಕಂಡಿತು. 1,018 ಊರುಗಳ ಇಂಗ್ಲಿಷ್ ಕಾಗುಣಿತವನ್ನು ತಮಿಳಿನ ಉಚ್ಚಾರಕ್ಕೆ ಹೊಂದಿಸುವ ಸರಕಾರಿ ಆದೇಶ ಪ್ರಕಟವಾಗಿ, ಟೀಕೆಗಳ ನಡುವೆ ಕೆಲವೇ ದಿನಗಳಲ್ಲಿ ಹಿಂದಕ್ಕೆ ಹೋಯಿತು. ಉಚ್ಚಾರದ ದೃಷ್ಟಿಯಿಂದ ಅದರ ಆಶಯ ನ್ಯಾಯವಾದದ್ದೇ. ಆದರೆ ಇಂಗ್ಲಿಷ್ ಕಾಗುಣಿತ ಅಷ್ಟರಲ್ಲಿ ಹೆಸರಷ್ಟೇ ಆಗಿರದೆ ದಾಖಲೆಗಳ ಗುರುತೂ ಆಗಿತ್ತು. ಮರುವರ್ಷ ಕಾಸರಗೋಡು ಜಿಲ್ಲೆಯ ಕನ್ನಡ, ತುಳು ಊರಹೆಸರುಗಳು ಮಲಯಾಳೀಕರಣಗೊಳ್ಳುತ್ತಿವೆ ಎಂಬ ಆತಂಕ ಎದ್ದಿತು. ಅಂಥ ಕ್ರಮವಿಲ್ಲವೆಂದು ಕೇರಳ ಸರಕಾರ ಹೇಳಿತು. 2014ರ ನವೆಂಬರ್ 1ರಿಂದ ಕರ್ನಾಟಕವೂ ಬೆಂಗಳೂರು ಸೇರಿದಂತೆ ಹನ್ನೆರಡು ಊರುಗಳ ಇಂಗ್ಲಿಷ್ ರೂಪವನ್ನು ತಿದ್ದಿತ್ತು. ಮೂರು ರಾಜ್ಯಗಳ ಈ ಮೂರು ಪ್ರಸಂಗಗಳಲ್ಲಿ ಊಹೆ ಒಂದೇ: ಊರಿಗೆ ಒಂದೇ ಸರಿಯಾದ ಬರಹರೂಪ ಇರಬೇಕು, ಅದನ್ನು ರಾಜ್ಯದ ಭಾಷೆ ನಿರ್ಧರಿಸಬೇಕು. ರಾಜ್ಯದ ಭಾಷೆ ಮನೆಮಾತಲ್ಲದ ಊರುಗಳಿಗೆ ಆ ಊಹೆಯಲ್ಲಿ ಜಾಗವಿಲ್ಲ.

ಗಡಿನಾಡಿನ ಭಾಷೆ, ಜಾನಪದ, ದಾಖಲೆಗಳನ್ನು ಡಿಜಿಟಲ್ ರೂಪಕ್ಕೆ ತರುವ ಕೇಂದ್ರಗಳಿಗೆ ಇದರಿಂದ ಕೆಲವು ನಿಶ್ಚಿತ ಕರ್ತವ್ಯಗಳು ಒದಗುತ್ತವೆ. ಗೆಟ್ಟವಾಡಿಯಲ್ಲಿ ಧ್ವನಿಮುದ್ರಿಸಿದ ಒಂದು ಕಥನಕ್ಕೆ ಊರಿನ ಗುರುತಾಗಿ 2011ರ ಜನಗಣತಿಯ ಆರಂಕಿಯ ಗ್ರಾಮಸಂಕೇತ ಸಾಕು. ಹೆಸರು ಬೇರೆಯೇ ಒಂದು ಅಂಕಣ. ಕನ್ನಡ, ತಮಿಳು, ಇಂಗ್ಲಿಷ್ ಲಿಪಿಗಳ ಎಲ್ಲ ರೂಪಗಳೂ ಅಲ್ಲಿರಲಿ, ಯಾವುದೂ ಇನ್ನೊಂದನ್ನು ಅಳಿಸದಿರಲಿ. ಮುದ್ರಣದ ಕಾಲಕ್ಕೆ ‘ಏಷ್ಯಾ/ಕೋಲ್ಕತಾ’ ಎಂಬ ಗುರುತನ್ನು ಕಾಪಿಡಬೇಕು. ಓದುಗರಿಗೆ ‘ಭಾರತೀಯ ಪ್ರಮಾಣಿತ ಸಮಯ’ ಎಂದು ತೋರಿಸಬೇಕು. ‘ಐಎಸ್‌ಟಿ’ಯನ್ನು ಒಂಟಿಯಾಗಿ ಎಂದೂ ಕಾಪಿಡಬಾರದು. ಹಳೆಯ ದಾಖಲೆಯೊಂದರ ಗಡಿಯಾರ ಯಾವುದೆಂದು ತಿಳಿಯದಿದ್ದರೆ ತಿಳಿಯದೆಂದೇ ಬರೆಯಬೇಕು. ಐದೂವರೆ ಗಂಟೆಯನ್ನು ತುಂಬಬಾರದು. ಗಡಿಯಾರಕ್ಕೆ ಸೇರದ ಕಾಲವೂ ಈ ಸೀಮೆಯಲ್ಲಿದೆ. ಗುಮಟಾಪುರದ ಗೊರೆಹಬ್ಬ ದೀಪಾವಳಿಯ ಪಾಡ್ಯವನ್ನು ಹಿಡಿದು ನಡೆಯುವಂಥದು. ಅದರ ದಾಖಲೆಗೆ ಇಂಗ್ಲಿಷ್ ದಿನಾಂಕದೊಡನೆ ತಿಥಿಯೂ ಬೇಕು. ಕಾಲವಲಯದ ಯಾವ ಗುರುತೂ ಆ ಕೆಲಸ ಮಾಡಲಾರದು, ಮಾಡಬೇಕೆಂದು ಕೇಳುವುದೂ ಸರಿಯಲ್ಲ.

ಇನ್ನೂ ಒಂದು ಎಚ್ಚರ ಅಗತ್ಯ. ಕಾಲವಲಯದಿಂದ ದೇಶವನ್ನು, ದೇಶ ಮತ್ತು ರಾಜ್ಯದಿಂದ ಭಾಷೆಯನ್ನು ಊಹಿಸುವ ತಂತ್ರಾಂಶಗಳಿವೆ. ಈರೋಡ್ ಜಿಲ್ಲೆ ಎಂದೊಡನೆ ತಮಿಳು ಎಂಬ ಊಹೆ ತಾಳವಾಡಿಯಲ್ಲಿ ಸೋಲುತ್ತದೆ. ಕನ್ನಡ ಎಂದೊಡನೆ ಕರ್ನಾಟಕ ಎಂಬ ಊಹೆಯೂ ಅಷ್ಟೇ ಸೋಲುತ್ತದೆ. ಸಿಎಲ್‌ಡಿಆರ್ ಕನ್ನಡಕ್ಕೆ ಕೊಟ್ಟಿರುವ ನೆಲೆ ‘ಭಾರತದ ಕನ್ನಡ’ ಎಂಬುದು, ಕರ್ನಾಟಕದ್ದಲ್ಲ. ಬೇಕಾದರೆ ರಾಜ್ಯವನ್ನು ಪ್ರತ್ಯೇಕವಾಗಿ ಸೂಚಿಸುವ ಅಕ್ಷರಗಳನ್ನು ಅದಕ್ಕೆ ಜೋಡಿಸುವ ಸೌಲಭ್ಯವೂ ಯೂನಿಕೋಡಿನ ನಿಯಮದಲ್ಲಿದೆ. ‘ಕನ್ನಡ, ಭಾರತ, ತಮಿಳುನಾಡು’ ಎಂದು ಒಂದೇ ಸಾಲಿನಲ್ಲಿ ವಿರೋಧವಿಲ್ಲದೆ ಹೇಳಲು ಆ ನಿಯಮ ಅವಕಾಶ ಕೊಡುತ್ತದೆ. ಸೌಲಭ್ಯವಿದ್ದೂ ಬಳಕೆ ವಿರಳವಾಗಿರುವುದಕ್ಕೆ ಕಾರಣ, ಅದನ್ನು ಕೇಳುವವರು ಯಾರೆಂಬುದು ಲೈಬ್ರರಿ ಬರೆಯುವವರ ಕಣ್ಣಿಗೆ ಬೀಳದಿರುವುದು.

ಆದುದರಿಂದ ಗಡಿನಾಡಿನ ಬೇಡಿಕೆ ‘ಏಷ್ಯಾ/ಬೆಂಗಳೂರು’ ಎಂಬ ಇನ್ನೊಂದು ಗುರುತಾಗಬೇಕಿಲ್ಲ. ಅಂಥ ಗುರುತು ಬಂದರೂ ಅದು ಇನ್ನೊಂದು ರಾಜಧಾನಿಯ ಹೆಸರಾಗುತ್ತದೆ. ಗೆಟ್ಟವಾಡಿಯ ಪಾಲಿಗೆ ಅದೂ ಹೊರಗಿನದೇ. ಬೇಡಿಕೆ ಇಷ್ಟೇ ಇರಬೇಕು: ಸ್ಟ್ಯಾಂಡರ್ಡ್ ಲೈಬ್ರರಿಗಳು ಗುರುತನ್ನು ಕೊಡುವಲ್ಲಿಯೇ ಓದುಗರ ಭಾಷೆಯ ಹೆಸರಿಗೂ ದಾರಿ ತೋರಿಸಲಿ, ಕೊಟ್ಟ ರೂಪವನ್ನು ಬದಲಿಸದಿರಲಿ, ತಿಳಿಯದುದನ್ನು ಸೊನ್ನೆಯಾಗಿ ಬರೆಯದಿರಲಿ. ಇವುಗಳಲ್ಲಿ ಯಾವುದೂ ತಾಂತ್ರಿಕವಾಗಿ ಅಸಾಧ್ಯವಲ್ಲ. ಪ್ರತಿಯೊಂದನ್ನೂ ಒಂದಲ್ಲ ಒಂದು ಭಾಷೆಯ ಲೈಬ್ರರಿ ಈಗಾಗಲೇ ಮಾಡಿ ತೋರಿಸಿದೆ. ಮೂರನ್ನೂ ಒಟ್ಟಿಗೆ ಕೇಳುವ ಕೆಲಸ, ಒಂದೇ ಊರಿಗೆ ಹಲವು ಹೆಸರುಗಳಿರುವುದನ್ನು ದಿನನಿತ್ಯ ಬಲ್ಲ ಸಮುದಾಯಗಳಿಂದ ಆಗಬೇಕಾಗಿದೆ. ತಮ್ಮದೇ ಸಂಗ್ರಹಗಳಲ್ಲಿ ಈ ಶಿಸ್ತನ್ನು ಮೊದಲು ಪಾಲಿಸಿದ ಕೇಂದ್ರಗಳ ಮಾತಿಗೆ ಆಗ ಹೆಚ್ಚಿನ ತೂಕ ಬರುತ್ತದೆ.